ಮಗ ‘ಕೂತ್ಕೊಳ್ಳಪ್ಪ’ ಅಂದ ಮೇಲೆ

ಪ್ರಶ್ನೆ: ಅಕ್ಕ, ನಮಸ್ಕಾರ. ಶಿಡ್ಲಘಟ್ಟದ ಹತ್ತಿರ ನಮ್ಮೂರು. ನನಗೀಗ 68. ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವನು. ಹೋದ ವರ್ಷ ಮಗ ಹೊಸ ಹುಳುಮನೆ ಕಟ್ಟಿಸಿ, ‘ಇನ್ನು ನೀನು ಆರಾಮಾಗಿ ಕೂತ್ಕೊಳ್ಳಪ್ಪ’ ಅಂದ. ಪ್ರೀತಿಯಿಂದಲೇ ಅಂದಿದ್ದು. ಆದರೆ ಅರಳಿಕಟ್ಟೆ ಮೇಲೆ ಕೂತರೆ ತಲೆಯಲ್ಲಿ ಒಂದೇ ಯೋಚನೆ, ಇಪ್ಪತ್ತು ವರ್ಷದ ಹಿಂದೆ ಭಾಗ ಆಗುವಾಗ ತಮ್ಮನಿಗೂ ನನಗೂ ಆದ ಮಾತು. ಮಂಡಿ ನೋವು ಬೇರೆ. ವಯಸ್ಸಾದರೆ ಎಲ್ಲರಿಗೂ ಹೀಗೇನಾ?

ಉತ್ತರ: ಮೊದಲು ಮಂಡಿ ನೋಡೋಣ. ‘ವಯಸ್ಸಾಯ್ತು’ ಅಂತ ಕೈಬಿಡುವ ಮುಂಚೆ ಮನೆಯಲ್ಲಿ ಯಾವ ನೀರು ಕುಡಿಯುತ್ತಿದ್ದೀರಿ ಹೇಳಿ. ನಮ್ಮ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸಮಾಚಾರವೇನಲ್ಲ. ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಇರುವ ನೀರು ಒಳ್ಳೆಯದಲ್ಲ. ತುಂಬಾ ಜಾಸ್ತಿ ಇದ್ದು, ವರ್ಷಗಟ್ಟಲೆ ಅದನ್ನೇ ಕುಡಿದರೆ ಬೆನ್ನು, ಕೀಲು ಬಿಗಿಯಾಗುತ್ತವೆ. ನೀರು ಪರೀಕ್ಷೆ ಮಾಡಿಸಿ, ಮಂಡಿಯನ್ನು ಡಾಕ್ಟರಿಗೆ ತೋರಿಸಿ. ಬರೀ ಸವೆತ ಅಂದರೆ ಕಾಲು ನೀಡಿಕೊಂಡು ಕೂರುವುದು ಅದಕ್ಕೆ ಮದ್ದಲ್ಲ, ತೊಡೆಯ ಬಲ ಹೋದಷ್ಟೂ ಮಂಡಿಯ ಮೇಲೆ ಭಾರ ಜಾಸ್ತಿ.

ಈ ಬುದ್ಧಿ ನನಗೆ ಬಂದದ್ದು ಬಿದ್ದ ಮೇಲೆ. 66ರಲ್ಲಿ ಬಚ್ಚಲಮನೆಯಲ್ಲಿ ಜಾರಿದೆ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಆದರೆ ನೆಲದಿಂದ ಎದ್ದೇಳುವುದಕ್ಕೇ ಆಗಲಿಲ್ಲ ನೋಡಿ, ಸೊಸೆ ಬರುವ ತನಕ ಒದ್ದೆ ನೆಲದ ಮೇಲೆ ಕೂತೇ ಇದ್ದೆ. ದಿನಾ ಒಂದು ಗಂಟೆ ವಾಕಿಂಗ್ ಮಾಡುತ್ತಿದ್ದವಳು ನಾನು! ಬರೀ ನಡಿಗೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ ಹೇಳುತ್ತದೆ, ಅದರ ಜೊತೆಗೆ ವಾರದಲ್ಲಿ ಮೂರು ದಿನವಾದರೂ ಕಾಲಿನ ಬಲಕ್ಕೆ, ಬೀಳದೆ ನಿಲ್ಲುವುದಕ್ಕೆ ಅಭ್ಯಾಸ ಬೇಕು ಅನ್ನುತ್ತದೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳಿ, ಕೂರಿ. ಹಲ್ಲುಜ್ಜುವಾಗ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲಿ. ಮೊಮ್ಮಕ್ಕಳು ನಗುತ್ತಾರೆ, ನಗಲಿ.

ಇನ್ನು ತಲೆಯ ವಿಷಯ. ನಮ್ಮ ಜಿಲ್ಲೆಯಲ್ಲಿ ವಯಸ್ಸಾದ ಮೇಲೆ ಸುಮ್ನೆ ಕೂರುವ ಮಾತು ಬಂದರೆ ಸಾಕು, ಯಾರಾದರೂ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹೆಸರು ಎತ್ತುತ್ತಾರೆ. ದಿವಾನಗಿರಿ ಬಿಟ್ಟಿದ್ದು 1918ರಲ್ಲಿ, ತೀರಿಕೊಂಡಿದ್ದು 1962ರಲ್ಲಿ, ನಡುವಿನ 44 ವರ್ಷವೂ ಸುಮ್ನೆ ಕೂರಲಿಲ್ಲ. ಸರಿ, ದೊಡ್ಡವರು. ನನಗೆ ಮಾತ್ರ ಅವರಿಗಿಂತ ಅವರೆಕಾಯಿಯೇ ಹೆಚ್ಚು ಕಲಿಸಿದೆ. ಧನುರ್ಮಾಸದಲ್ಲಿ ಸೊಗಡಿನ ಅವರೆ ಬಂದಾಗ ಕಾಳು ನೆನೆಸಿ ಹಿತುಕುವುದಕ್ಕೆ ಕೂತರೆ ಒಂದು ಮಧ್ಯಾಹ್ನವೇ ಬೇಕು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ, ಸಿಪ್ಪೆ ಕೈಯಲ್ಲಿ. ಕೈ ಅದರ ಪಾಡಿಗೆ ಅದು ನಡೆಯುತ್ತಿರುತ್ತದೆ, ಮನಸ್ಸು ಎಲ್ಲೆಲ್ಲೋ ಹೋಗಿ ಬರುತ್ತದೆ, ಆದರೆ ಒಂದೇ ಕಡೆ ಸಿಕ್ಕಿಕೊಳ್ಳುವುದಿಲ್ಲ. ಓರಗಿತ್ತಿ ಜೊತೆ ಹತ್ತು ವರ್ಷ ಮಾತು ಬಿಟ್ಟಿದ್ದೆ, ಅದರಲ್ಲಿ ಅರ್ಧ ತಪ್ಪು ನನ್ನದೇ ಅಂತ ಹೊಳೆದದ್ದು ಹಾಗೆ ಹಿತುಕುತ್ತಾ ಕೂತಾಗಲೇ. ಅಲ್ಲಿಯವರೆಗೆ ದೇವರ ಮುಂದೆ ಕಣ್ಣು ಮುಚ್ಚಿ ಕೂತಾಗೆಲ್ಲ ಅವಳ ತಪ್ಪೇ ಕಾಣುತ್ತಿತ್ತು.

ಹಾಗಾಗಿ ಮಗನನ್ನು ಒಂದು ಕೆಲಸ ಕೇಳಿ. ಸೊಪ್ಪಿನ ಹೊರೆ ಬೇಡ, ಹಣ್ಣಾದ ಹುಳು ಆರಿಸುವ ಕೆಲಸ ಕೇಳಿ. ಬೆಳೆ ಇಪ್ಪತ್ತೈದು ದಿನ ಹೇಗೋ ನಡೆಯುತ್ತದೆ, ಕೊನೆಯಲ್ಲಿ ಸೊಪ್ಪು ಬಿಟ್ಟು ಮೈ ತಿಳಿಯಾಗಿ ತಲೆ ಎತ್ತಿ ಆಡಿಸುವ ಹುಳು ಯಾವುದು, ಇನ್ನೊಂದು ಸಲ ಮೇಯಬೇಕಾದದ್ದು ಯಾವುದು ಅಂತ ಗುರುತಿಸಿ, ಹುಳು ಗೂಡು ಕಟ್ಟುವ ತಟ್ಟೆ ಚಂದ್ರಿಕೆಗೆ ಬಿಡುವುದಕ್ಕೆ ಕಣ್ಣು ಪಳಗಿರಬೇಕು. ಆ ಕಣ್ಣು ನಿಮಗಿದೆ. ‘ಸಹಾಯ ಮಾಡಲಾ’ ಅಂತ ಕೇಳಬೇಡಿ, ‘ಬೇಡಪ್ಪ’ ಅಂದುಬಿಡುತ್ತಾನೆ. ‘ಈ ಬೆಳೆಯ ಹಣ್ಣು ಹುಳು ನನಗೆ ಬಿಡು’ ಅನ್ನಿ.

ತಮ್ಮ ಈಗ ಎಲ್ಲಿದ್ದಾರೆ ಅಂತ ನೀವು ಬರೆದಿಲ್ಲ. ಹತ್ತಿರದಲ್ಲೇ ಇದ್ದರೆ ಗೂಡಿನ ಮಾರುಕಟ್ಟೆಗೆ ಹೋದ ದಿನ ಒಂದು ಟೀ ಕುಡಿಸಿ. ಭಾಗದ ಮಾತು ಬೇಡ. ಗೂಡಿನ ರೇಟು ಮಾತಾಡಿದರೆ ಸಾಕು.

ಪ್ರಶ್ನೆ: ನಮ್ಮ ಅತ್ತೆಗೆ 74. ದಿನಾ ಪದಬಂಧ ಬಿಡಿಸುತ್ತಾರೆ, ಅದರಿಂದ ಮರೆವಿನ ಕಾಯಿಲೆ ಬರುವುದಿಲ್ಲ ಅನ್ನುತ್ತಾರೆ. ಆದರೆ ನಾನು ಹೇಳಿದ್ದು ಒಂದೂ ನೆನಪಿರಲ್ಲ. ಟಿವಿ ಮಾತ್ರ ಬೀದಿಗೆಲ್ಲ ಕೇಳಿಸಬೇಕು. (ಗೌರಿಬಿದನೂರಿನ ಓದುಗರು)

ಉತ್ತರ: ಪದಬಂಧ ಬಿಡಿಸಲಿ, ಖುಷಿ ಅಲ್ವಾ. ಮರೆವು ಬರುವುದೇ ಇಲ್ಲ ಅಂತ ಅದು ಗ್ಯಾರಂಟಿ ಕೊಡುವುದಿಲ್ಲ, ಅಷ್ಟೆ. ಆದರೆ ನೀವು ಬರೆದದ್ದು ನೋಡಿದರೆ ಅವರು ಮರೆಯುತ್ತಿಲ್ಲ, ಅವರಿಗೆ ಕೇಳಿಸುತ್ತಲೇ ಇಲ್ಲ ಅನ್ನಿಸುತ್ತದೆ. ಕಿವಿ ಮಂದವಾದರೆ ಜನ ಮಾತು ಕಡಿಮೆ ಮಾಡುತ್ತಾರೆ, ಒಂಟಿಯಾಗುತ್ತಾರೆ, ಮರೆವಿನ ಕಾಯಿಲೆಯ ಅಪಾಯವೂ ಅಲ್ಲಿಂದ ಹೆಚ್ಚುತ್ತದೆ. ಕಿವಿ ಡಾಕ್ಟರಿಗೆ ತೋರಿಸಿ. ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ, ಐದು ನಿಮಿಷದ ಕೆಲಸ. ಕಿವಿಗೆ ಮಿಷನ್ ಬೇಕು ಅಂದರೆ ‘ಮುದುಕಿಯರ ಥರ ಕಾಣ್ತೀನಿ’ ಅಂತ ಗಲಾಟೆ ಮಾಡಬಹುದು. ಆಗ ಮೊಮ್ಮಗಳ ಕೈಯಲ್ಲಿ ಹೇಳಿಸಿ, ನೀವು ಹೇಳಬೇಡಿ.