ಕೆರೆಯ ಗಾಳಕ್ಕೆ ಯಾವ ರೀಲ್?

ಪ್ರಶ್ನೆ: ಇದುವರೆಗೆ ಬಿದಿರು ಕೋಲಿನಲ್ಲೇ ಊರಿನ ಕೆರೆಗೆ ಗಾಳ ಹಾಕುತ್ತಿದ್ದೆ. ಈಗ ದಾರ ಸುತ್ತುವ ರೀಲ್ ಕೊಳ್ಳಬೇಕೆಂದಿದ್ದೇನೆ. ಜಿಲೇಬಿ ಮತ್ತು ಕೊರವ ಮೀನು ಎರಡನ್ನೂ ಹಿಡಿಯುವ ಆಸೆಯಿದೆ. ಬೇಟ್‌ಕಾಸ್ಟಿಂಗ್, ಸ್ಪಿನ್ನಿಂಗ್ ಎರಡರಲ್ಲಿ ಯಾವುದು ಒಳ್ಳೆಯದು?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಒಂದೇ ರೀಲ್ ಕೊಳ್ಳುವುದಾದರೆ ಸ್ಪಿನ್ನಿಂಗ್ ಕೊಳ್ಳಿ. ಇದರಲ್ಲಿ ಸ್ಪೂಲ್, ಅಂದರೆ ದಾರ ಸುತ್ತಿರುವ ಉರುಳೆ, ತಿರುಗುವುದಿಲ್ಲ. ಎಸೆದಾಗ ದಾರವು ಅದರ ಅಂಚಿನಿಂದ ಸುರುಳಿಸುರುಳಿಯಾಗಿ ಕಳಚಿಕೊಳ್ಳುತ್ತದೆ. ಹೀಗಾಗಿ ಜಿಲೇಬಿ ಮೀನಿಗೆ ಬಳಸುವ ಮೂರು ನಾಲ್ಕು ಗ್ರಾಂ ತೂಕದ ಎರೆಯೂ ಸಲೀಸಾಗಿ ದೂರ ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಾದರೋ ಹಾರುವ ಎರೆಯೇ ಸ್ಪೂಲನ್ನು ತಿರುಗಿಸಬೇಕಾದ್ದರಿಂದ, ಸಾಮಾನ್ಯ ರೀಲುಗಳಿಗೆ ಎರೆಯ ತೂಕ ಏಳೆಂಟು ಗ್ರಾಂ ಆದರೂ ಇರಬೇಕು.

ಕೊರವದ ವಿಷಯ ಬೇರೆ. ಅದು ಜೊಂಡಿನ ಬುಡದಲ್ಲಿ, ತಾವರೆ ಎಲೆಗಳ ಅಡಿಯಲ್ಲಿ ಹೊಂಚುಹಾಕುವ ಮೀನು; ಗಾಳ ಕಚ್ಚಿದೊಡನೆ ಕಳೆಯೊಳಗೆ ನುಗ್ಗುವುದರಿಂದ ಅದಕ್ಕೆ ಎರಡು ಮಾರು ಸಡಿಲ ಕೊಟ್ಟರೂ ಮೀನು ಕೈತಪ್ಪಿದಂತೆಯೇ. ಅಲ್ಲಿ ದಪ್ಪ ಹೆಣೆದ ದಾರ, ಗಟ್ಟಿ ರಾಡ್ (ಗಾಳದ ಕೋಲು) ಮತ್ತು ಬೇಟ್‌ಕಾಸ್ಟಿಂಗ್ ರೀಲ್ ಇದ್ದರೆ ಮೀನನ್ನು ನೇರವಾಗಿ ಎಳೆದು ತರಬಹುದು; ಹೆಬ್ಬೆರಳು ಸ್ಪೂಲಿನ ಮೇಲೇ ಇರುವುದರಿಂದ ಕಪ್ಪೆಯಾಕಾರದ ಎರೆಯನ್ನು ಎಲೆಗಳ ನಡುವಿನ ಕಿಂಡಿಗೆ ಸರಿಯಾಗಿ ಇಳಿಸಲೂ ಆಗುತ್ತದೆ. ಸ್ಪಿನ್ನಿಂಗ್ ಕೈಗೆ ಹತ್ತಿದ ಮೇಲೆ ಇದನ್ನು ಎರಡನೆಯದಾಗಿ ಕೊಳ್ಳಿ. ಆದರೆ ಒಂದು ಮಾತು: ಕೆಂಪು ಮರಿಗಳ ಗುಂಪು ನೀರ ಮೇಲೆ ಕಂಡಲ್ಲಿ ದಯವಿಟ್ಟು ಗಾಳ ಹಾಕಬೇಡಿ. ಅವುಗಳ ಕೆಳಗೆ ತಾಯಿ ತಂದೆ ಮೀನುಗಳು ಕಾವಲಿರುತ್ತವೆ. ಅವನ್ನು ಹಿಡಿದರೆ ಮರಿಗಳು ಉಳಿದ ಮೀನುಗಳ ಪಾಲಾಗುತ್ತವೆ.

ಪ್ರಶ್ನೆ: ನನ್ನ ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಎಸೆದಾಗಲೆಲ್ಲ ದಾರ ಗೋಜಲಾಗುತ್ತದೆ. ರೀಲೇ ಕೆಟ್ಟಿದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬಹುತೇಕ ರೀಲ್ ಕೆಟ್ಟಿರುವುದಿಲ್ಲ. ಎರೆಯ ವೇಗ ಗಾಳಿಯಲ್ಲಿ ತಗ್ಗಿದರೂ ಸ್ಪೂಲ್ ಮೊದಲಿನ ವೇಗದಲ್ಲೇ ತಿರುಗುತ್ತಿರುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ದಾರ ಒಳಗೇ ಉಬ್ಬಿ ಸಿಕ್ಕಾಗುತ್ತದೆ. ಎದುರುಗಾಳಿಗೆ ಎಸೆದಾಗ ಇದು ಹೆಚ್ಚು. ಎರೆಯನ್ನು ರಾಡಿನ ತುದಿಯಿಂದ ಇಳಿಬಿಟ್ಟು, ರೀಲ್ ತಿರುಗಿಸುವ ಹಿಡಿಯ ಪಕ್ಕದ ಚಿಕ್ಕ ತಿರುಪನ್ನು ಬಿಗಿಮಾಡುತ್ತಾ ಬನ್ನಿ. ಸ್ಪೂಲನ್ನು ಸಡಿಲಬಿಡುವ ಗುಂಡಿ ಒತ್ತಿದಾಗ ಎರೆ ನಿಧಾನವಾಗಿ ಇಳಿದು, ನೆಲ ಮುಟ್ಟಿದೊಡನೆ ಸ್ಪೂಲ್ ನಿಲ್ಲಬೇಕು. ಇನ್ನೊಂದು ಬದಿಯ ಬ್ರೇಕನ್ನು ಆರಂಭದಲ್ಲಿ ಹೆಚ್ಚಿಗೆ ಇಟ್ಟು, ಕೈ ಪಳಗಿದಂತೆ ತಗ್ಗಿಸಿ. ಎರೆ ನೀರು ಮುಟ್ಟುವ ಕ್ಷಣಕ್ಕೆ ತುಸು ಮೊದಲು ಹೆಬ್ಬೆರಳಿನಿಂದ ಸ್ಪೂಲನ್ನು ತಡೆಯಬೇಕು. ಇದನ್ನು ಯಾವ ಬ್ರೇಕೂ ನಿಮ್ಮ ಪರವಾಗಿ ಪೂರ್ತಿಯಾಗಿ ಮಾಡಿಕೊಡುವುದಿಲ್ಲ. ಹೊಸ ದಾರವನ್ನು ಸ್ಪೂಲಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಕೆಳಗಿರುವಂತೆ ಸುತ್ತಿ, ಖಾಲಿ ಮೈದಾನದಲ್ಲಿ ಗಾಳವಿಲ್ಲದ ತೂಕದ ಗುಂಡು ಕಟ್ಟಿ ಅಭ್ಯಾಸ ಮಾಡಿ.