ಪಿಕಪ್ ಬದಲಿಸುವ ಮುನ್ನ: ಎಲೆಕ್ಟ್ರಿಕ್ ಗಿಟಾರ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನದು ಸ್ಟ್ರಾಟೊಕಾಸ್ಟರ್ ಮಾದರಿಯ, ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳಿರುವ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಒಂಟಿ ಸುರುಳಿಗಳು) ಗಿಟಾರ್. ಬ್ರಿಡ್ಜ್ (ಗಿಟಾರಿನ ಒಡಲಿನ ಮೇಲೆ ತಂತಿಗಳು ಕೂರುವ ಪಟ್ಟಿ) ಪಕ್ಕದ ಪಿಕಪ್‌ನ ನಾದ ತೀರಾ ತೆಳುವಾಗಿದ್ದು ಕಿವಿಗೆ ಚುಚ್ಚುತ್ತದೆ. ಮಲ್ಟಿಮೀಟರಿನಲ್ಲಿ ಅಳೆದರೆ ಅದು 6 ಕಿಲೋ ಓಮ್ ತೋರಿಸುತ್ತದೆ. ಅದರ ಜಾಗದಲ್ಲಿ 16 ಕಿಲೋ ಓಮ್‌ನ ಹಂಬಕರ್ (ಗುಂಯ್‌ಗುಡುವ ಸದ್ದನ್ನು ಅಡಗಿಸುವ ಜೋಡಿ ಸುರುಳಿಯ ಪಿಕಪ್) ಹಾಕಿಸಿದರೆ ಹೆಚ್ಚುಕಡಿಮೆ ಮೂರು ಪಟ್ಟು ಶಕ್ತಿ ಬರುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಇದು ನಿಜವೇ?
– ಓದುಗರು, ಮೈಸೂರು

ಉತ್ತರ: ನಿಜವಲ್ಲ. ಮಲ್ಟಿಮೀಟರ್ ತೋರಿಸುವುದು ಸುರುಳಿಯ ತಂತಿ ಒಡ್ಡುವ ರೋಧವನ್ನು ಮಾತ್ರ. ಅದನ್ನು ನೋಡಿ ಪಿಕಪ್‌ನ ಶಕ್ತಿಯನ್ನು ಹೇಳುವುದು, ಹಗ್ಗದ ತೂಕ ನೋಡಿ ಬಾವಿಯಲ್ಲಿ ನೀರೆಷ್ಟಿದೆ ಎಂದು ಹೇಳಿದ ಹಾಗೆ. ಸುತ್ತುಗಳ ಸಂಖ್ಯೆಯನ್ನು ಅಷ್ಟೇ ಇಟ್ಟು, ಸಾಮಾನ್ಯವಾಗಿ ಬಳಸುವ 42 ಗೇಜ್ ತಂತಿಯ ಬದಲು ಇನ್ನೂ ಸಪೂರವಾದ 43 ಗೇಜ್ ತಂತಿಯನ್ನು ಸುತ್ತಿದರೂ ಓಮ್‌ಗಳು ಏರುತ್ತವೆ, ಆದರೆ ಅದರಿಂದ ನಾದದ ಬಲವೇನೂ ಹೆಚ್ಚುವುದಿಲ್ಲ. ಗಿಟಾರಿನ ಉಕ್ಕಿನ ತಂತಿ ಪಿಕಪ್‌ನ ಅಯಸ್ಕಾಂತದ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜ್, ಸುತ್ತುಗಳ ಸಂಖ್ಯೆ, ಅಯಸ್ಕಾಂತದ ಬಲ, ತಂತಿಗೂ ಪಿಕಪ್‌ಗೂ ಇರುವ ಅಂತರ, ಪಿಕಪ್ ಕುಳಿತ ಸ್ಥಳ, ಈ ಎಲ್ಲವನ್ನೂ ಅವಲಂಬಿಸಿರುತ್ತದೆ.

ಸುತ್ತುಗಳು ಹೆಚ್ಚಿದಂತೆ ಇನ್ನೊಂದು ಬದಲಾವಣೆಯೂ ಆಗುತ್ತದೆ: ಸುರುಳಿಯ ಇಂಡಕ್ಟೆನ್ಸ್ (ವಿದ್ಯುತ್ ಪ್ರವಾಹದ ಏರಿಳಿತವನ್ನು ತಡೆಯುವ ಗುಣ) ಏರುತ್ತದೆ, ನಾದದ ಬಣ್ಣವನ್ನು ನಿರ್ಧರಿಸುವುದು ಮುಖ್ಯವಾಗಿ ಅದೇ. ಈ ಇಂಡಕ್ಟೆನ್ಸ್ ಮತ್ತು ಕೇಬಲಿನ ಕೆಪಾಸಿಟೆನ್ಸ್ (ವಿದ್ಯುದಂಶವನ್ನು ಹಿಡಿದಿಡುವ ಗುಣ) ಎರಡೂ ಸೇರಿ ಒಂದು ನಿರ್ದಿಷ್ಟ ಆವರ್ತನದಲ್ಲಿ ಅನುರಣಿಸುತ್ತವೆ. ಅದರ ಆಸುಪಾಸಿನ ಸ್ವರಾಂಶಗಳು ಎದ್ದು ಕೇಳುತ್ತವೆ, ಅದರಾಚೆಗಿನವು ಬೇಗನೆ ಕುಸಿಯುತ್ತವೆ. ನಿಮ್ಮ ಈಗಿನ ಪಿಕಪ್‌ನ ಇಂಡಕ್ಟೆನ್ಸ್ ಸುಮಾರು 2.2 ಹೆನ್ರಿ ಎಂದೂ, ಐದು ಮೀಟರ್ ಕೇಬಲ್ ಮತ್ತು ಸುರುಳಿಯ ಸ್ವಂತ ಕೆಪಾಸಿಟೆನ್ಸ್ ಸೇರಿ 600 ಪಿಕೋಫ್ಯಾರಡ್ ಎಂದೂ ಹಿಡಿದರೆ, ಆ ಏರು 4.4 ಕಿಲೋಹರ್ಟ್ಸ್ ಹತ್ತಿರ ಬರುತ್ತದೆ. ಹೆಚ್ಚು ಸುತ್ತುಗಳಿರುವ ಹಂಬಕರ್‌ನ ಇಂಡಕ್ಟೆನ್ಸ್ 8 ಹೆನ್ರಿಯಷ್ಟಿದ್ದರೆ ಅದೇ ಕೇಬಲಿನಲ್ಲಿ ಏರು 2.3 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಅಂದರೆ ನೀವು ಹಣ ಕೊಟ್ಟು ತರುವುದು ಬರೀ ಗಟ್ಟಿಯಾದ ನಾದವನ್ನಲ್ಲ, ದಟ್ಟವಾದ, ಹೊಳಪು ಕಡಿಮೆಯಾದ ಬೇರೊಂದು ನಾದವನ್ನು. ಅದೇ ನಿಮಗೆ ಬೇಕಿದ್ದರೆ ಅಡ್ಡಿಯಿಲ್ಲ.

ಆದರೆ ನಿಮ್ಮ ದೂರು ಚುಚ್ಚುವಿಕೆಯ ಬಗ್ಗೆ, ಅದಕ್ಕೆ ಕಾರಣ ಬಹುಶಃ ಪಿಕಪ್ ಅಲ್ಲ. ಬ್ರಿಡ್ಜ್ ಪಕ್ಕದಲ್ಲಿ ತಂತಿಯ ಅಲುಗಾಟ ಕಡಿಮೆ, ಮೇಲುಸ್ವರಗಳ ಪಾಲು ಹೆಚ್ಚು. ಹಾಗಾಗಿ ಅಲ್ಲಿನ ನಾದ ಸ್ವಭಾವತಃ ತೆಳು. 1954ರಲ್ಲಿ ಫೆಂಡರ್ ಕಂಪನಿ ಹೊರತಂದ ಮೂಲ ಸ್ಟ್ರಾಟೊಕಾಸ್ಟರ್‌ನಲ್ಲಿ ಎರಡು ಟೋನ್ ಗುಂಡಿಗಳು ನೆಕ್ (ಕುತ್ತಿಗೆ) ಬದಿಯ ಮತ್ತು ನಡುವಿನ ಪಿಕಪ್‌ಗಳಿಗೆ ಮಾತ್ರ ಸೇರಿದ್ದವು, ಬ್ರಿಡ್ಜ್ ಪಿಕಪ್‌ಗೆ ಟೋನ್ ಗುಂಡಿಯೇ ಇರಲಿಲ್ಲ; ಅದನ್ನೇ ಅನುಸರಿಸಿದ ಗಿಟಾರ್‌ಗಳು ಇಂದಿಗೂ ಮಾರುಕಟ್ಟೆಯಲ್ಲಿವೆ. ನಿಮ್ಮ ಗಿಟಾರಿನ ಎರಡನೆಯ ಟೋನ್ ಗುಂಡಿಯನ್ನು ತಿರುಗಿಸಿದಾಗ ಬ್ರಿಡ್ಜ್ ಪಿಕಪ್‌ನ ನಾದ ಬದಲಾಗದಿದ್ದರೆ, ಸ್ವಿಚ್ಚಿನ ಟೋನ್ ಬದಿಯಲ್ಲಿ ಖಾಲಿ ಉಳಿದಿರುವ ಬ್ರಿಡ್ಜ್ ಕಾಲಿನಿಂದ ನಡುವಿನ ಪಿಕಪ್‌ನ ಕಾಲಿಗೆ ಎರಡು ಸೆಂಟಿಮೀಟರ್ ವೈರನ್ನು ಬೆಸುಗೆ ಹಾಕಿಸಿ. ಒಂದು ತುಂಡು ವೈರು, ಎರಡು ಹನಿ ಸೀಸ. ಅದಾದ ಮೇಲೂ ಹಂಬಕರ್ ಬೇಕೆನಿಸಿದರೆ ವಾಲ್ಯೂಮ್ ಪಾಟನ್ನು (ಗುಂಡಿಯ ಕೆಳಗಿರುವ, ತಿರುಗಿಸಿ ಬದಲಿಸಬಲ್ಲ ರೋಧ) 250 ಕಿಲೋ ಓಮ್‌ನಿಂದ 500ಕ್ಕೆ ಬದಲಿಸಬೇಕು, ಇಲ್ಲದಿದ್ದರೆ ಹಂಬಕರ್ ಕಂಬಳಿ ಹೊದ್ದ ಹಾಗೆ ಕೇಳಿಸುತ್ತದೆ. ಉಳಿದೆರಡು ಸಿಂಗಲ್ ಕಾಯಿಲ್‌ಗಳಿಗೆ ಆಗ ಹೊಳಪು ಅತಿಯಾಗುತ್ತದೆ. ಅವು ಆರಿಸಲ್ಪಟ್ಟಾಗ ಮಾತ್ರ 470 ಕಿಲೋ ಓಮ್‌ನ ರೆಸಿಸ್ಟರ್ ಒಂದು ಪಾಟ್‌ಗೆ ಸಮಾಂತರವಾಗಿ ಸೇರುವಂತೆ ಸ್ವಿಚ್ಚಿನಲ್ಲಿ ಜೋಡಿಸಿದರೆ ಒಟ್ಟು 242 ಕಿಲೋ ಓಮ್ ಆಗಿ ಹಳೆಯ ನಾದವೇ ಉಳಿಯುತ್ತದೆ.

ಪ್ರಶ್ನೆ: ನಾನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತ ಅಭ್ಯಾಸ ಮಾಡುತ್ತಿದ್ದೇನೆ. ಕೆಳಗಿನ ಸ್ಥಾಯಿಯಲ್ಲಿ, ಅದರಲ್ಲೂ ದಪ್ಪ ತಂತಿಯ ಮೇಲಿನ ಮನೆಗಳಲ್ಲಿ ತೋಡಿಯ ಗಾಂಧಾರವನ್ನು ಆಡಿಸಿದರೆ ಸ್ವರ ಒಡೆದಂತೆ, ಎರಡು ಶ್ರುತಿ ಒಟ್ಟಿಗೆ ಕೇಳಿದಂತೆ ಆಗುತ್ತದೆ. ಟ್ಯೂನರ್ ಸರಿಯಾಗಿದೆ, ತಂತಿಯೂ ಹೊಸದು.
– ಓದುಗರು, ಶಿವಮೊಗ್ಗ

ಉತ್ತರ: ತಪ್ಪು ನಿಮ್ಮ ಬೆರಳಿನದಲ್ಲ. ಸಿಂಗಲ್ ಕಾಯಿಲ್ ಪಿಕಪ್‌ನಲ್ಲಿ ಪ್ರತಿ ತಂತಿಯ ಕೆಳಗೂ ನಿಂತಿರುವ ಅಯಸ್ಕಾಂತದ ಕಡ್ಡಿ ತಂತಿಯನ್ನು ತನ್ನತ್ತ ಎಳೆಯುತ್ತಿರುತ್ತದೆ. ಪಿಕಪ್ ಅತಿ ಸಮೀಪವಿದ್ದರೆ ತಂತಿ ಮೇಲೆ ಕೆಳಗೆ ಕಂಪಿಸುವ ವೇಗಕ್ಕೂ ಪಕ್ಕಕ್ಕೆ ಕಂಪಿಸುವ ವೇಗಕ್ಕೂ ವ್ಯತ್ಯಾಸ ಬಿದ್ದು, ನೀವು ವರ್ಣಿಸಿದ ಅಲೆಯಂಥ ಒಡಕು ಹುಟ್ಟುತ್ತದೆ. ಪಾಶ್ಚಾತ್ಯ ಶೈಲಿಯಲ್ಲಿ ಚಿಕ್ಕ ಚಿಕ್ಕ ಸ್ವರಗಳನ್ನು ನುಡಿಸುವವರಿಗೆ ಇದು ಅಷ್ಟಾಗಿ ತಿಳಿಯದು. ಒಂದೇ ಮೀಟಿನಲ್ಲಿ ಕಂಪಿತವನ್ನೂ ಜಾರುವನ್ನೂ ಎಳೆದು ನಿಲ್ಲಿಸಬೇಕಾದ ನಮ್ಮ ಸಂಗೀತದಲ್ಲಿ ಅಡಗಲು ಅದಕ್ಕೆ ಜಾಗವಿಲ್ಲ. ಈ ವಾದ್ಯದಲ್ಲಿ ಗಮಕ ಎಷ್ಟು ಶುದ್ಧವಾಗಿ ಬರಬಲ್ಲದು ಎಂಬುದು ಆರ್. ಪ್ರಸನ್ನ ಅವರ ವಾದನವನ್ನು ಕೇಳಿದವರಿಗೆ ಗೊತ್ತಿದೆ.

ತಂತಿಯನ್ನು ಕೊನೆಯ ಮನೆಯಲ್ಲಿ ಒತ್ತಿ ಹಿಡಿದು, ಪಿಕಪ್‌ನ ಕಡ್ಡಿಗೂ ತಂತಿಯ ತಳಕ್ಕೂ ದಪ್ಪ ತಂತಿಯ ಕಡೆ ಸುಮಾರು 2.4 ಮಿ.ಮೀ., ಸಪೂರ ತಂತಿಯ ಕಡೆ 2 ಮಿ.ಮೀ. ಅಂತರವಿರುವಂತೆ ಸ್ಕ್ರೂಗಳನ್ನು ತಿರುಗಿಸಿ. ಒಡಕು ಉಳಿದರೆ ದಪ್ಪ ತಂತಿಯ ಬದಿಯನ್ನು ಇನ್ನೂ ಅರ್ಧ ಮಿ.ಮೀ. ಇಳಿಸಿ. ಇಳಿಸಿದಾಗ ಶಬ್ದ ತುಸು ತಗ್ಗುವುದನ್ನು ಆಂಪ್ಲಿಫೈಯರ್‌ನಲ್ಲಿ ಏರಿಸಿಕೊಳ್ಳಬಹುದು. ಮುಂದೆ ಎಂದಾದರೂ ಪಿಕಪ್ ಬದಲಿಸುವುದಾದರೆ ಆಲ್ನಿಕೊ 5ರ ಬದಲು ಎಳೆತ ಕಡಿಮೆಯಿರುವ ಆಲ್ನಿಕೊ 2 ಅಯಸ್ಕಾಂತದ್ದನ್ನಾಗಲಿ, ಅಯಸ್ಕಾಂತವು ತಳದಲ್ಲಿ ಮಲಗಿರುವ ಹಂಬಕರನ್ನಾಗಲಿ ಆರಿಸಿಕೊಳ್ಳಿ.

ಪ್ರಶ್ನೆ: ಎರಡು ಹಂಬಕರ್‌ಗಳಿರುವ ನನ್ನ ಗಿಟಾರಿಗೆ ನೆಕ್ ಬದಿಯಲ್ಲಿ ಬೇರೆ ಕಂಪನಿಯ ಪಿಕಪ್ ಹಾಕಿಸಿದೆ. ಒಂದೊಂದೇ ನುಡಿಸಿದರೆ ಎರಡೂ ಚೆನ್ನಾಗಿವೆ. ಸ್ವಿಚ್ಚನ್ನು ನಡುವೆ ಇಟ್ಟರೆ ನಾದ ಮೂಗಿನಲ್ಲಿ ಮಾತಾಡಿದಂತೆ ಸಣ್ಣದಾಗುತ್ತದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ಪಿಕಪ್‌ಗಳು ಪರಸ್ಪರ ವಿರುದ್ಧ ಫೇಸ್‌ನಲ್ಲಿವೆ, ಒಂದು ಏರುವಾಗ ಇನ್ನೊಂದು ಇಳಿಯುತ್ತಿದೆ. ನಾಲ್ಕು ವೈರ್‌ಗಳ ಪಿಕಪ್‌ಗಳಲ್ಲಿ ಬಣ್ಣದ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಸೇಮರ್ ಡಂಕನ್‌ನಲ್ಲಿ ಕಪ್ಪು ವೈರು ಸಿಗ್ನಲ್, ಕೆಂಪು ಮತ್ತು ಬಿಳಿ ಒಂದಕ್ಕೊಂದು ಸೇರಬೇಕು, ಹಸಿರು ಗ್ರೌಂಡ್. ಡಿಮಾರ್ಜಿಯೊದಲ್ಲಿ ಕೆಂಪು ಸಿಗ್ನಲ್, ಕಪ್ಪು ಮತ್ತು ಬಿಳಿ ಸೇರಬೇಕು, ಹಸಿರು ಗ್ರೌಂಡ್. ಒಂದರ ನಕ್ಷೆ ನೋಡಿ ಇನ್ನೊಂದನ್ನು ಬೆಸೆದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ಪರೀಕ್ಷೆ ಸುಲಭ. ಪಿಕಪ್‌ನ ವೈರ್‌ಗಳನ್ನು ಬಿಡಿಸಿ, ಮಲ್ಟಿಮೀಟರನ್ನು 20 ಕಿಲೋ ಓಮ್‌ನಲ್ಲಿಟ್ಟು, ಕೆಂಪು ಕಡ್ಡಿಯನ್ನು ಸಿಗ್ನಲ್ ವೈರಿಗೂ ಕಪ್ಪು ಕಡ್ಡಿಯನ್ನು ಗ್ರೌಂಡಿಗೂ ಹಿಡಿಯಿರಿ. ಸ್ಕ್ರೂಡ್ರೈವರಿನ ಕಬ್ಬಿಣದ ಭಾಗವನ್ನು ಪಿಕಪ್ ಮೇಲಿಟ್ಟು ಥಟ್ಟನೆ ಎತ್ತಿದಾಗ ಅಂಕಿ ಕ್ಷಣಕಾಲ ಏರುತ್ತದೆ ಅಥವಾ ಇಳಿಯುತ್ತದೆ. ಎರಡು ಪಿಕಪ್‌ಗಳೂ ಒಂದೇ ದಿಕ್ಕಿಗೆ ಹೋಗಬೇಕು. ಹೋಗದಿದ್ದರೆ ನಾಲ್ಕು ವೈರಿನ ಪಿಕಪ್‌ನಲ್ಲಿ ಸಿಗ್ನಲ್ ಮತ್ತು ಗ್ರೌಂಡ್ ವೈರ್‌ಗಳನ್ನು ಅದಲುಬದಲು ಮಾಡಿ, ಬೋಳು ವೈರನ್ನು ಮಾತ್ರ ಗ್ರೌಂಡಿನಲ್ಲೇ ಬಿಡಿ. ಹೆಣೆದ ಕವಚದ ಹಳೆಯ ಕಾಲದ ಪಿಕಪ್‌ನಲ್ಲಿ ಹೀಗೆ ಮಾಡಬಾರದು, ಲೋಹದ ಮುಚ್ಚಳಕ್ಕೆ ಸಿಗ್ನಲ್ ಸೇರಿಕೊಂಡು ಗುಂಯ್‌ಗುಡುತ್ತದೆ. ಅಂದಹಾಗೆ, ಎಲ್ಲರಿಗೂ ಇದು ದೋಷವಲ್ಲ: ಬ್ಲೂಸ್ ಗಿಟಾರ್ ವಾದಕ ಪೀಟರ್ ಗ್ರೀನ್ ಅವರ ಲೆಸ್ ಪಾಲ್ ಗಿಟಾರಿನ ಹೆಸರಾದ ನಡು ಸ್ಥಾನದ ನಾದ ಇಂಥದೇ ವಿರುದ್ಧ ಫೇಸ್‌ನಿಂದ ಬಂದದ್ದು.

ಪ್ರಶ್ನೆ: ವಾಲ್ಯೂಮ್ ಇಳಿಸಿದ ಕೂಡಲೇ ನಾದ ಮಂಕಾಗುತ್ತದೆ. ಏನು ಮಾಡಲಿ?
– ಓದುಗರು, ತುಮಕೂರು

ಉತ್ತರ: ವಾಲ್ಯೂಮ್ ಪಾಟ್‌ನ ಸಿಗ್ನಲ್ ಒಳಬರುವ ಕಾಲಿಗೂ ನಡುವಿನ ಕಾಲಿಗೂ ಅಡ್ಡಲಾಗಿ 0.001 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 150 ಕಿಲೋ ಓಮ್ ರೆಸಿಸ್ಟರನ್ನು ಒಂದಕ್ಕೊಂದು ಸಮಾಂತರವಾಗಿ ಬೆಸೆಯಿರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡೂ ಚಿಲ್ಲರೆ ಕಾಸಿಗೆ ಸಿಗುತ್ತವೆ.

ಪ್ರಶ್ನೆ: ಎರಿಕ್ ಕ್ಲಾಪ್ಟನ್ ಹೆಸರಿನ ಸ್ಟ್ರಾಟೊಕಾಸ್ಟರ್‌ನಲ್ಲಿರುವಂಥ ಮಿಡ್ ಬೂಸ್ಟ್ ಸರ್ಕ್ಯೂಟನ್ನು ನನ್ನ ಗಿಟಾರಿನೊಳಗೆ ಕೂರಿಸಬೇಕೆಂದಿದ್ದೇನೆ. ಜೊತೆಗೆ ಪಿಕಪ್‌ಗಳನ್ನೂ ಹೆಚ್ಚು ಶಕ್ತಿಯವುಗಳಿಗೆ ಬದಲಿಸಲೇ?
– ಓದುಗರು, ಮಂಗಳೂರು

ಉತ್ತರ: ಎರಡನ್ನೂ ಒಟ್ಟಿಗೆ ಮಾಡಬೇಡಿ. 1988ರಲ್ಲಿ ಫೆಂಡರ್ ಹೊರತಂದ ಆ ಗಿಟಾರಿನ ಬೂಸ್ಟ್, ಮಧ್ಯಮ ಆವರ್ತನಗಳನ್ನು, ಮುಖ್ಯವಾಗಿ 500 ಹರ್ಟ್ಸ್ ಸುತ್ತಮುತ್ತಲಿನವನ್ನು, 25 ಡೆಸಿಬೆಲ್‌ವರೆಗೆ ಎತ್ತುತ್ತದೆ. 25 ಡೆಸಿಬೆಲ್ ಎಂದರೆ ವೋಲ್ಟೇಜ್ ಸುಮಾರು 18 ಪಟ್ಟು. ಸಾಧಾರಣ ಸಿಂಗಲ್ ಕಾಯಿಲ್‌ನಿಂದ 0.2 ವೋಲ್ಟ್ ಬಂದರೆ ಅದು 3.6 ವೋಲ್ಟ್ ಆಗುತ್ತದೆ. 9 ವೋಲ್ಟ್ ಬ್ಯಾಟರಿಯ ಸರ್ಕ್ಯೂಟಿನಲ್ಲಿ ಸಿಗ್ನಲ್ ಮೇಲಕ್ಕೂ ಕೆಳಕ್ಕೂ ಹೆಚ್ಚೆಂದರೆ ನಾಲ್ಕೂವರೆ ವೋಲ್ಟ್ ಆಡಬಹುದಾದ್ದರಿಂದ ಇದು ಹೇಗೋ ಹಿಡಿಸುತ್ತದೆ. ಜೋರಾದ ಹಂಬಕರ್ ಒಂದು ವೋಲ್ಟ್ ಕೊಟ್ಟರೆ 18 ವೋಲ್ಟ್‌ಗೆ ಅಲ್ಲಿ ಎಡೆಯೆಲ್ಲಿದೆ? ಅಲೆಯ ತಲೆ ಗಿಟಾರಿನೊಳಗೇ ಕತ್ತರಿಸಿಹೋಗುತ್ತದೆ, ಆ ಒರಟುತನವನ್ನು ಆಂಪ್ಲಿಫೈಯರ್‌ನ ಯಾವ ಗುಂಡಿಯೂ ಸರಿಪಡಿಸಲಾರದು. ಬೂಸ್ಟ್ ಬೇಕೆನ್ನುವವರಿಗೆ ಸೌಮ್ಯವಾದ ಪಿಕಪ್ಪೇ ತಕ್ಕದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೂಸ್ಟ್‌ಗೆ ನಾದವೂ ಒಂದೇ, ಹಮ್ ಕೂಡ ಒಂದೇ. ಮನೆಯ 50 ಹರ್ಟ್ಸ್ ವಿದ್ಯುತ್ತಿನಿಂದ ಸಿಂಗಲ್ ಕಾಯಿಲ್ ಹೀರಿಕೊಳ್ಳುವ ಗುಂಯ್‌ಗಾರ ಆ 50ರಲ್ಲಷ್ಟೇ ಇರುವುದಿಲ್ಲ, ಅದರ ಗುಣಕಗಳಾಗಿ ಮೇಲಕ್ಕೂ ಹಬ್ಬಿರುತ್ತದೆ. ಸರ್ಕ್ಯೂಟು ಎತ್ತುವುದು ಆ ಜಾಗವನ್ನೇ. ನುಡಿಸುವಾಗ ಇದು ಮುಚ್ಚಿಹೋಗಿ, ಕೈ ನಿಲ್ಲಿಸಿದಾಗ ಎದ್ದು ಕೇಳುತ್ತದೆ. ಕ್ಲಾಪ್ಟನ್ ಮಾದರಿಯಲ್ಲಿ ಮೊದಲಿಗೆ ಸದ್ದು ಕಡಿಮೆ ಮಾಡುವ ಲೇಸ್ ಸೆನ್ಸರ್ ಪಿಕಪ್‌ಗಳನ್ನು ಬಳಸಿದ್ದನ್ನು ಇಲ್ಲಿ ನೆನೆಯಬೇಕು. ಆದ್ದರಿಂದ ಮೊದಲು ಗಿಟಾರಿನ ಗುಳಿಗಳಿಗೆ ತಾಮ್ರದ ಪಟ್ಟಿ ಅಂಟಿಸಿ ಅದನ್ನು ಗ್ರೌಂಡಿಗೆ ಜೋಡಿಸಿ, ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿಗೆ ನಿಜವಾದ ಅರ್ತಿಂಗ್ ಸಿಗುತ್ತಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಖಚಿತಪಡಿಸಿಕೊಳ್ಳಿ. ಅರ್ತ್ ಪಿನ್ ಮುರಿದು ಎರಡು ಪಿನ್ನಿನಲ್ಲಿ ನಡೆಸುವುದು ಸದ್ದಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ: ಗಿಟಾರಿನ ತಂತಿಗಳು ಕೇಬಲಿನ ಮೂಲಕ ಆಂಪ್ಲಿಫೈಯರಿನ ಚಾಸಿಗೇ ಸೇರಿರುತ್ತವೆ.

ಜೋಡಣೆಯಲ್ಲಿ ಪಿಕಪ್‌ಗಳೂ ಸ್ವಿಚ್ಚೂ ಹಾಗೆಯೇ ಇರಲಿ. ವಾಲ್ಯೂಮ್ ಪಾಟ್‌ನಿಂದ ಹೊರಡುವ ಸಿಗ್ನಲ್ ಬೂಸ್ಟ್ ಬೋರ್ಡಿಗೆ ಹೋಗಿ ಅಲ್ಲಿಂದ ಜ್ಯಾಕಿಗೆ ಬರಲಿ. ವಾಲ್ಯೂಮ್ ತಗ್ಗಿಸಿದಾಗ ಬೋರ್ಡಿಗೆ ಹೋಗುವ ಒತ್ತಡವೂ ತಗ್ಗುವುದರಿಂದ ನಾದ ಸ್ವಚ್ಛವಾಗುತ್ತದೆ. ಒಂದು ಟೋನ್ ಪಾಟನ್ನು ತೆಗೆದು ಅಲ್ಲಿ ಬೂಸ್ಟ್ ಗುಂಡಿ ಕೂರಿಸಿದರೆ ಮರಕ್ಕೆ ಹೊಸ ತೂತು ಬೇಕಾಗುವುದಿಲ್ಲ. ಬೋರ್ಡಿನ ನಂತರ ಸಿಗ್ನಲ್‌ಗೆ ಕೇಬಲಿನ ಭಾರ ತಟ್ಟುವುದಿಲ್ಲವಾದ್ದರಿಂದ ಬೂಸ್ಟ್ ಸೊನ್ನೆಯಲ್ಲಿದ್ದಾಗಲೂ ನಾದ ಮೊದಲಿಗಿಂತ ಹೊಳಪಾಗಿ ಕೇಳಿದರೆ ಗಾಬರಿಯಾಗಬೇಡಿ. ಬೋರ್ಡಿನಲ್ಲಿ ಸಿಗ್ನಲನ್ನು ಎತ್ತುವ ಆಪ್ ಆಂಪ್ ಬಿಲ್ಲೆ ಆರಿಸುವಾಗ ಬ್ಯಾಟರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಟಿಎಲ್072 ಸುಮಾರು 2.8 ಮಿಲಿಆಂಪಿಯರ್ ಕುಡಿಯುತ್ತದೆ, ಟಿಎಲ್062 ಸುಮಾರು 0.4 ಮಾತ್ರ. 500 ಮಿಲಿಆಂಪಿಯರ್ ಅವರ್‌ನ ಆಲ್ಕಲೈನ್ ಬ್ಯಾಟರಿ ಮೊದಲನೆಯದಕ್ಕೆ 180 ಗಂಟೆಯ ಆಸುಪಾಸು ಬಂದರೆ ಎರಡನೆಯದಕ್ಕೆ ಸಾವಿರ ಗಂಟೆ ದಾಟಬಹುದು. ಎರಡನೆಯದರಲ್ಲಿ ಹಿಸ್ ಎಂಬ ಸದ್ದು ಕೊಂಚ ಹೆಚ್ಚು.

ಜ್ಯಾಕನ್ನು ಸ್ಟೀರಿಯೊಗೆ ಬದಲಿಸಿ. ಬ್ಯಾಟರಿಯ ಕೆಂಪು ವೈರು ನೇರ ಬೋರ್ಡಿಗೆ, ಕಪ್ಪು ವೈರು ಜ್ಯಾಕಿನ ರಿಂಗ್ ಕಾಲಿಗೆ ಹೋಗಬೇಕು; ಸಾಮಾನ್ಯ ಮೋನೊ ಪಿನ್ ಸಿಕ್ಕಿಸಿದಾಗ ಅದು ರಿಂಗನ್ನು ಗ್ರೌಂಡಿಗೆ ಸೇರಿಸಿ ಸರ್ಕ್ಯೂಟನ್ನು ಚಾಲೂ ಮಾಡುತ್ತದೆ. ಮೊದಲ ಬಾರಿ ಇದನ್ನು ಮಾಡಿದಾಗ ನಾನು ಕಪ್ಪು ವೈರನ್ನು ಪಾಟ್‌ನ ಬೆನ್ನಿಗೇ ಬೆಸೆದು, ಸದಾ ಚಾಲೂ ಇದ್ದ ಬ್ಯಾಟರಿ ಬರಿದಾಗಿ, ಮೂರು ವಾರದ ನಂತರ ಕಾರ್ಯಕ್ರಮವೊಂದರ ವೇದಿಕೆಯಲ್ಲಿ ಪೂರ್ತಿ ಮೂಕವಾದ ಗಿಟಾರ್ ಹಿಡಿದು ನಿಂತಿದ್ದೆ. ಸರಿಯಾಗಿ ಜೋಡಿಸಿದ ಮೇಲೂ ನುಡಿಸಿ ಮುಗಿಸಿದಾಗ ಕೇಬಲನ್ನು ಗಿಟಾರಿನಿಂದ ಕೀಳಲೇಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ಬ್ಯಾಟರಿ ಕ್ಲಿಪ್ಪು ಹಸಿರುಗಟ್ಟುವುದು ಬೇಗ; ಮಳೆಗಾಲಕ್ಕೆ ಮುನ್ನ ಒಮ್ಮೆ ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿ, ತಿಂಗಳುಗಟ್ಟಲೆ ನುಡಿಸದಿದ್ದರೆ ಬ್ಯಾಟರಿಯನ್ನು ತೆಗೆದಿಡಿ.