ಮೈಕ್ ಕೊಳ್ಳುವ ಮುನ್ನ, ನೀವು ಕಳಿಸಿದ ಫೈಲ್ ಯಾವುದೆಂದು ನೋಡಿ

ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ಮುದ್ರಿಸಿದ ಪಾಠ ಮಕ್ಕಳ ಮೊಬೈಲಿನಲ್ಲಿ ತೆರೆಯುತ್ತಿಲ್ಲ, ನಿಮ್ಮ ಕಂಪ್ಯೂಟರಿನಲ್ಲಿ ಕೇಳಿದರೂ ದನಿ ಬಾವಿಯೊಳಗಿಂದ ಬಂದಂತಿದೆ, ₹5,000ದ ಮೈಕ್ ಕೊಳ್ಳಲೇ ಎಂದು ಕೇಳಿದ್ದೀರಿ. ಕೊಳ್ಳಬೇಡಿ. ನೀವು ಕಳಿಸಿದ ಫೈಲಿನ ಹೆಸರು ‘ಎಯುಪಿ3’ ಎಂದು ಮುಗಿಯುತ್ತದೆ ಎಂಬುದನ್ನು ಓದಿದೊಡನೆ ನನಗೆ 2018ನೆಯ ಇಸವಿ ನೆನಪಾಯಿತು.

ಆಗ ನಾನು ಕೋಲಾರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಕೆರೆಯ ಪಾಠವನ್ನು ಮಕ್ಕಳು ಕೆರೆ ಕಾಯ್ದವರ ಬಾಯಿಂದಲೇ ಕೇಳಲಿ ಎಂದು, ಹಿಂದೆ ಗದ್ದೆಗಳಿಗೆ ಕೆರೆಯ ನೀರು ಬಿಡುವ ನೀರುಗಂಟಿಯಾಗಿದ್ದ ಹಿರಿಯರೊಬ್ಬರನ್ನು ಕಂಪ್ಯೂಟರ್ ಕೋಣೆಗೆ ಕರೆತಂದು 40 ನಿಮಿಷ ಮಾತನಾಡಿಸಿದೆ. ತೂಬನ್ನು ಎಷ್ಟು ಎತ್ತಿದರೆ ನೀರು ಯಾವ ಗದ್ದೆಯವರೆಗೆ ಹೋಗುತ್ತದೆ, ಬರದ ವರ್ಷ ಅಚ್ಚುಕಟ್ಟಿನ ಕೊನೆಯವರಿಗೆ ಸರದಿ ಹೇಗೆ ಕಟ್ಟುತ್ತಿದ್ದರು, ಕೋಡಿ ಬಿದ್ದ ರಾತ್ರಿ ಏರಿಯ ಮೇಲೆ ಲಾಟೀನು ಹಿಡಿದು ಏನನ್ನು ಹುಡುಕುತ್ತಿದ್ದರು ಎಂಬುದನ್ನೆಲ್ಲ ಅವರು ಅಂಗೈಯನ್ನೇ ಗದ್ದೆಯಾಗಿಸಿ ತೋರಿಸುತ್ತ ಹೇಳಿದರು. ನಾನು ‘ಸೇವ್’ ಒತ್ತಿ, ಬಂದ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಮುಂದಿನ ವಾರ ಆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ, ಅದರಲ್ಲಿದ್ದುದನ್ನೆಲ್ಲ ಅಳಿಸಿದರು.

ನಾನು ತಂದಿದ್ದ ಫೈಲಿನಲ್ಲಿ ಧ್ವನಿಯೇ ಇರಲಿಲ್ಲ. ಅಂದಿನ ಆಡಾಸಿಟಿ ಧ್ವನಿಯನ್ನು ನೂರಾರು ತುಣುಕುಗಳಾಗಿ ಪಕ್ಕದ ‘ಡೇಟಾ’ ಫೋಲ್ಡರಿನಲ್ಲಿ ಇಡುತ್ತಿತ್ತು. ‘ಎಯುಪಿ’ ಫೈಲಿನಲ್ಲಿ ಇರುತ್ತಿದ್ದುದು ಆ ತುಣುಕುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬ ಪಟ್ಟಿ ಮಾತ್ರ. 40 ನಿಮಿಷದ ಆ ಮುದ್ರಣ ಒಂದೇ ಚಾನೆಲ್ಲಿನಲ್ಲಿದ್ದರೂ 400 ಎಂಬಿ ದಾಟಿರಬೇಕಿತ್ತು. ಪೆನ್‌ಡ್ರೈವಿನಲ್ಲಿದ್ದ ಫೈಲು 100 ಕೆಬಿಯನ್ನೂ ತುಂಬಿರಲಿಲ್ಲ. ಆ ಅಂಕಿಯನ್ನು ಒಮ್ಮೆ ನೋಡಿದ್ದರೆ ಸಾಕಿತ್ತು. ಆ ಸಂಜೆಯೇ ಎಂಪಿ3ಗೆ ಎಕ್ಸ್‌ಪೋರ್ಟ್ ಮಾಡಿ, ಬೇರೆ ಮೊಬೈಲಿನಲ್ಲಿ ಕೊನೆಯ ನಿಮಿಷದವರೆಗೆ ಕೇಳಿದ್ದರೂ ಸಾಕಿತ್ತು. ಆಗ ಎಂಪಿ3 ಮಾಡಲು ಲೇಮ್ ಎಂಬ ತಂತ್ರಾಂಶವನ್ನು ಬೇರೆಯಾಗಿ ಸೇರಿಸಬೇಕಿತ್ತು. ನಾಳೆ ಮಾಡೋಣ ಎಂದು ಬಿಟ್ಟಿದ್ದೆ. ಎರಡನೆಯ ಸಲ ಹಿರಿಯರು ಬೇಸರಿಸದೆ ಬಂದರು. ಆದರೆ ಹತ್ತು ನಿಮಿಷಕ್ಕೆ ದಣಿದರು, ಸರದಿಯ ಮಾತು ಬರಲೇ ಇಲ್ಲ.

2021ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಧ್ವನಿಯೂ ಪಟ್ಟಿಯೂ ಒಂದೇ ಎಯುಪಿ3 ಫೈಲಿನಲ್ಲಿರುತ್ತವೆ, ಆದ್ದರಿಂದ ನಿಮ್ಮ ಪಾಠ ಕಳೆದಿಲ್ಲ. ಆದರೂ ಅದು ಆಡಾಸಿಟಿಯ ಕಡತವೇ ಹೊರತು ಮೊಬೈಲ್ ನುಡಿಸುವ ಹಾಡಿನಂಥ ಫೈಲಲ್ಲ. ಅದನ್ನು ಆಡಾಸಿಟಿಯಲ್ಲಿ ತೆರೆದು ಮೋನೋ (ಒಂದೇ ಚಾನೆಲ್), 64 ಕೆಬಿಪಿಎಸ್‌ನ (ಸೆಕೆಂಡಿಗೆ 64 ಕಿಲೋಬಿಟ್) ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡಿ. ಮಾತಿಗೆ ಅಷ್ಟು ಧಾರಾಳ ಸಾಕು, 15 ನಿಮಿಷದ ಪಾಠ ಸುಮಾರು 7 ಎಂಬಿಗೆ ಇಳಿಯುತ್ತದೆ. ವಾಟ್ಸಾಪ್‌ನಲ್ಲಿ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಗೂಗಲ್ ಡ್ರೈವ್ ಲಿಂಕ್ ಕೊಡುವುದಾದರೆ ‘ಲಿಂಕ್ ಇರುವ ಯಾರಾದರೂ’ ಎಂಬ ಅನುಮತಿ ಹಾಕಿ, ನಿಮ್ಮ ಖಾತೆ ಇಲ್ಲದ ಮೊಬೈಲಿನಲ್ಲಿ ತೆರೆದು ನೋಡಿ.

ಬಾವಿಯ ದನಿಗೆ ಕಾರಣ ಬರಿಗೋಡೆಯ ತರಗತಿ, ದೂರವಿಟ್ಟ ಮೈಕ್. ದುಬಾರಿ ಮೈಕ್ ಕೂಡ ಆ ಪ್ರತಿಧ್ವನಿಯನ್ನೇ ಇನ್ನಷ್ಟು ಸ್ಪಷ್ಟವಾಗಿ ಹಿಡಿಯುತ್ತದೆ. ಫ್ಯಾನ್ ಆರಿಸಿ, ಹಾಸಿಗೆ ಬಟ್ಟೆಗಳಿರುವ ಕೋಣೆಯಲ್ಲಿ ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿದು ಒಂದು ನಿಮಿಷ ಮಾತನಾಡಿ ಕೇಳಿ.

ಎಂಪಿ3ಯನ್ನು ಇನ್ನೊಬ್ಬರ ಮೊಬೈಲಿನಲ್ಲಿ ಪೂರ್ತಿ ಕೇಳಿ ಮುಗಿಸುವವರೆಗೆ ಆ ಎಯುಪಿ3 ಫೈಲನ್ನು ದಯವಿಟ್ಟು ಅಳಿಸಬೇಡಿ.